ಅದರ ಪಕ್ಕ ಏನಿತ್ತು?

ಹೋದ ವರ್ಷ ಮಳೆ ನಿಂತ ಮೇಲೆ ಭದ್ರಾ ಕಾಡಿಗೆ ಹೋಗಿದ್ದೆ. ಲಕ್ಕವಳ್ಳಿ ಕಡೆಯಿಂದ ಹೊರಡುವ ಸಫಾರಿ ಜೀಪು. ಸಂಜೆ ಐದರ ಹೊತ್ತಿಗೆ ಒಂದು ಕಾಟಿ, ಅಂದರೆ ಕಾಡುಕೋಣ, ಸಿಕ್ಕಿತು. ಒಂಟಿ ಗಂಡು. ಫೋಟೊ ತೆಗೆದುಕೊಂಡು ಮರುದಿನ ಸೀದಾ ಊರಿಗೆ ಬಂದೆ. ನಮ್ಮೂರು ಚನ್ನಗಿರಿ ತಾಲ್ಲೂಕು, ಸೂಳೆಕೆರೆಯಿಂದ ಜಾಸ್ತಿ ದೂರವಿಲ್ಲ. ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ಮೊಬೈಲ್ ಕೊಟ್ಟೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಎಷ್ಟಿತ್ತವ್ವಾ ಇದು?"

"ಬಾಳ ದೊಡ್ಡದು ದೊಡ್ಡಪ್ಪ."

"ದೊಡ್ಡದು ಅಂದ್ರೆ ಎಷ್ಟು?"

"ಸಾವಿರ ಕೆಜಿ ಇರಬಹುದು ಅಂತ ಗೈಡ್ ಹೇಳಿದ್ರು."

"ತೂಕ ಇರಲಿ. ಎತ್ತರ ಹೇಳು. ನಿನ್ನ ಭುಜಕ್ಕೆ ಬರ್ತಿತ್ತಾ, ತಲೆಗೆ ಬರ್ತಿತ್ತಾ?"

ನನಗೆ ಹೇಳಲು ಆಗಲಿಲ್ಲ. ಹತ್ತು ನಿಮಿಷ ಅದನ್ನೇ ನೋಡಿದ್ದೇನೆ. ಕಣ್ಣು ಮಿಟುಕಿಸದೆ ನೋಡಿದ್ದೇನೆ. ಆದರೂ ಅದರ ಬೆನ್ನು ನನ್ನ ಮೈಯ ಎಲ್ಲಿಗೆ ಬರುತ್ತಿತ್ತು ಅಂತ ಗೊತ್ತಿಲ್ಲ. ದೊಡ್ಡಪ್ಪ ಮತ್ತೆ ಫೋಟೊ ನೋಡಿದರು. "ಅದರ ಪಕ್ಕ ಏನಿತ್ತು? ಇದು ಹುತ್ತ ಅಲ್ವಾ? ಹುತ್ತ ಎಷ್ಟೆತ್ತರ ಇತ್ತು?" ಅದೂ ಗೊತ್ತಿಲ್ಲ. ಮೊಬೈಲ್ ವಾಪಸ್ ಕೊಟ್ಟರು. ಬೇಜಾರಿನಿಂದ ಅಲ್ಲ. ಅವರಿಗೆ ನೋಡಲು ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.

ಆ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ದೊಡ್ಡಪ್ಪ ಮೂವತ್ತು ವರ್ಷ ದನದ ಸಂತೆ ತಿರುಗಿದವರು. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸಿದವರು. ಒಂದು ಎತ್ತು ನಡೆದು ಬರುವುದನ್ನು ನೋಡಿದರೆ ಎತ್ತರ, ವಯಸ್ಸು, ಗಾಡಿಗೆ ಆಗುತ್ತದೋ ನೇಗಿಲಿಗೆ ಆಗುತ್ತದೋ, ಎಲ್ಲ ಹೇಳುತ್ತಿದ್ದರು. ನೋಡುವುದು ಅಂದರೆ ಅವರಿಗೆ ಅಳೆಯುವುದು. ನಾನು ಬರೀ ಬೆರಗಾಗಿದ್ದೆ.

ಕೋಣವೂ ಅಲ್ಲ, ಬೈಸನ್ನೂ ಅಲ್ಲ

ಅವತ್ತು ಇನ್ನೊಂದು ತೊಡಕೂ ಆಯಿತು. ನಾನು ಮೊದಲು "ಕಾಡುಕೋಣ" ಅಂದಿದ್ದೆ. ನಮ್ಮ ಕಡೆ ಹಾಗೇ ಅನ್ನುವುದು. ಕೆಲವರು ಕಾಡೆಮ್ಮೆ ಅನ್ನುತ್ತಾರೆ. ದೊಡ್ಡಪ್ಪನ ಮನಸ್ಸಿಗೆ ಬಂದಿದ್ದು ಊರಮ್ಮನಿಗೆ ಬಿಟ್ಟ ಕೋಣ. ದೇವರ ಕೋಣವನ್ನು ನೋಡಿದವರಿಗೆ ಗೊತ್ತು. ಅದಕ್ಕೆ ನೊಗವಿಲ್ಲ, ಹಗ್ಗವಿಲ್ಲ. ಯಾರ ಹೊಲಕ್ಕೆ ಹೋದರೂ ಹೊಡೆಯುವವರಿಲ್ಲ. ಮೇದು ಮೇದು ಗುಡ್ಡದ ಹಾಗೆ ಬೆಳೆದಿರುತ್ತದೆ. ಅದಕ್ಕೇ ಫೋಟೊ ನೋಡಿದ ಕೂಡಲೇ, "ಇದು ಕೋಣ ಅಲ್ಲವ್ವಾ, ಇದು ದನದ ಜಾತಿ" ಅಂದರು.

ಸರಿಯಾಗೇ ಹೇಳಿದರು. ಎಮ್ಮೆ ಕೋಣಗಳ ಕುಲವೇ ಬೇರೆ. ಕಾಟಿ ನಮ್ಮ ಹಸು ಎತ್ತುಗಳ ಕುಲಕ್ಕೆ ಸೇರಿದ್ದು. ದೊಡ್ಡಪ್ಪ ಅದನ್ನು ಕೊಂಬು ನೋಡಿ ಹಿಡಿದರು. ಕೋಣದ ಕೊಂಬು ಚಪ್ಪಟೆ, ಕಪ್ಪು, ಹಿಂದಕ್ಕೆ ಬಾಗಿದ್ದು. ಕಾಟಿಯ ಕೊಂಬು ಬುಡದಲ್ಲಿ ಅಗಲವಾಗಿ ಪಕ್ಕಕ್ಕೆ ಹೋಗಿ, ಮೇಲಕ್ಕೆ ಏಳುತ್ತದೆ. ತುದಿ ಸ್ವಲ್ಪ ಒಳಕ್ಕೆ ತಿರುಗುತ್ತದೆ. ಬುಡ ತಿಳಿ ಹಳದಿ, ಒಮ್ಮೊಮ್ಮೆ ಹಸಿರು ಛಾಯೆ. ತುದಿ ಮಾತ್ರ ಕಪ್ಪು. ಎರಡು ಕೊಂಬಿನ ನಡುವೆ ಹಣೆ ಉಬ್ಬಿ ದಿಣ್ಣೆಯಾಗಿರುತ್ತದೆ. ಅದರ ಮೇಲೆ ಬೂದಿ ಹಚ್ಚಿದ ಹಾಗೆ ಕೂದಲು.

ಇಂಗ್ಲಿಷಿನ ಹೆಸರು ಇನ್ನೂ ದಾರಿ ತಪ್ಪಿಸುತ್ತದೆ. ಬ್ರಿಟಿಷ್ ಬೇಟೆಗಾರರು ಇದನ್ನು ಇಂಡಿಯನ್ ಬೈಸನ್ ಅಂದರು. ಇವತ್ತಿಗೂ ಎಲ್ಲರ ಬಾಯಲ್ಲಿ ಬೈಸನ್ ಅಂತಲೇ ಇದೆ. ನಿಜವಾದ ಬೈಸನ್‌ಗಳು ಅಮೆರಿಕದಲ್ಲಿ, ಯೂರೋಪಿನಲ್ಲಿವೆ. ಅಮೆರಿಕದ ಬೈಸನ್ ಗಂಡು ಭುಜದ ಹತ್ತಿರ ಆರಡಿ ಮುಟ್ಟುತ್ತದೆ, ತೂಕ 900 ಕೆಜಿವರೆಗೂ ಹೋಗುತ್ತದೆ. ಆದರೆ ಅದರ ಆಕಾರ ನೋಡಿದರೆ ಇವೆರಡನ್ನು ಹೇಗೆ ಒಂದೇ ಅಂದುಕೊಂಡರೋ ಅನಿಸುತ್ತದೆ. ಅದಕ್ಕೆ ಗಡ್ಡ, ಕುತ್ತಿಗೆ ತುಂಬಾ ದಟ್ಟ ಉಣ್ಣೆ. ಡುಬ್ಬ ಸರಿಯಾಗಿ ಮುಂಗಾಲಿನ ಮೇಲೆ. ತಲೆ ನೆಲದ ಕಡೆಗೆ ಜೋತಿರುತ್ತದೆ. ಹಿಮದಲ್ಲಿ ಮುಚ್ಚಿದ ಹುಲ್ಲನ್ನು ಅದು ತಲೆಯಿಂದಲೇ ಸರಿಸಿ ಮೇಯಬೇಕು. ಆ ಭಾರದ ತಲೆ ಎತ್ತಿ ಆಡಿಸುವ ಸ್ನಾಯುಗಳಿಗೆ ಆ ಡುಬ್ಬವೇ ಆಧಾರ. ಪಕ್ಕೆಲುಬು ಎಣಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೈಸನ್‌ಗೆ 14 ಜೊತೆ, ನಮ್ಮ ದನಕ್ಕೆ 13. ಕಾಟಿಗೆ ಉಣ್ಣೆ ಇಲ್ಲ, ಗಡ್ಡ ಇಲ್ಲ. ವಯಸ್ಸಾದ ಗಂಡಿನ ಮೈಮೇಲಂತೂ ಕೂದಲೇ ಕಡಿಮೆ. ಎಣ್ಣೆ ಸವರಿದ ಹಾಗೆ ಮಿಂಚುತ್ತದೆ.

ಮಲೆನಾಡಿನವರ "ಕಾಟಿ" ಅನ್ನುವ ಹೆಸರೇ ನನಗೆ ಇಷ್ಟ. ಅದು ಇನ್ನೊಂದು ಪ್ರಾಣಿಯ ಹೆಸರನ್ನು ಸಾಲ ತಂದಿಲ್ಲ.

ಕೊಟ್ಟಿಗೆ ಗೋಡೆ

ದೀಪಾವಳಿಗೆ ಊರಿಗೆ ಹೋದಾಗ ಪುಸ್ತಕಗಳಲ್ಲಿ ಸಿಕ್ಕ ಅಳತೆಗಳನ್ನು ಬರೆದುಕೊಂಡು ಹೋಗಿದ್ದೆ. ದೊಡ್ಡಪ್ಪನಿಗೆ ಓದಿ ಹೇಳಿದೆ. ಪೂರ್ತಿ ಬೆಳೆದ ಗಂಡು ಐದೂವರೆ ಅಡಿಯಿಂದ ಆರಡಿ, ಅದನ್ನೂ ಮೀರಿದ್ದುಂಟು. ಮೂತಿಯಿಂದ ಬಾಲದ ಬುಡದವರೆಗೆ ಎಂಟರಿಂದ ಹತ್ತಡಿ ದಾಟುತ್ತದೆ. ದೊಡ್ಡ ಹೋರಿ ಸಾವಿರ ಕೆಜಿ ದಾಟುವುದುಂಟು. ಹೆಣ್ಣಿಗಿಂತ ಗಂಡು ಸುಮಾರು ಕಾಲು ಪಾಲು ದೊಡ್ಡದು. ದೊಡ್ಡಪ್ಪ ಸುಮ್ಮನೆ ಕೇಳಿದರು. ಅಂಕಿ ಅವರಿಗೆ ಏನೂ ಹೇಳಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಗೋಡೆ ಮೇಲೆ ಬರಿ" ಅಂದರು.

ಕೊಟ್ಟಿಗೆಯ ಉದ್ದ ಗೋಡೆ ಖಾಲಿ ಇತ್ತು. ಅಣ್ಣನ ಮಗ ಟೇಪು ಹಿಡಿದ, ನಾನು ಸೀಮೆಸುಣ್ಣ. ಮೊದಲು ನೆಲದಿಂದ ಐದು ಅಡಿ ಒಂಬತ್ತು ಇಂಚಿಗೆ ಒಂದು ಗೆರೆ. ಉದ್ದಕ್ಕೆ ಒಂಬತ್ತೂವರೆ ಅಡಿ. ನಡುವೆ ಬೆನ್ನು ಬರೆಯಲು ಹೋದಾಗ ಕೈ ನಿಂತಿತು. ಎತ್ತು ಬರೆದು ಅಭ್ಯಾಸವಿರುವ ಕೈ ಅದು. ಹೆಗಲಿನ ಹತ್ತಿರ ಒಂದು ಗುಡ್ಡ, ಆಮೇಲೆ ಸಪಾಟು ಬೆನ್ನು. ಕಾಟಿಯ ಬೆನ್ನು ಹಾಗಿಲ್ಲ. ಹೆಗಲಿನಿಂದ ಶುರುವಾದ ಏರು ಗೋಡೆಯ ಹಾಗೆ ಅರ್ಧ ಬೆನ್ನಿನವರೆಗೆ ಬರುತ್ತದೆ. ಅಲ್ಲಿ ಮೆಟ್ಟಿಲು ಇಳಿದ ಹಾಗೆ ಒಮ್ಮೆಲೇ ಐದು ಇಂಚಿನಷ್ಟು ಕೆಳಗೆ ಬೀಳುತ್ತದೆ. ಆಮೇಲೆ ಹಿಂಭಾಗ. ಬರೆದು ಮುಗಿಸಿ ದೂರ ನಿಂತು ನೋಡಿದರೆ ಮುಂದಿನ ಅರ್ಧವೇ ಪ್ರಾಣಿಯ ಮುಕ್ಕಾಲು ಭಾಗದಂತೆ ಕಂಡಿತು.

ದೊಡ್ಡಪ್ಪ ಎದ್ದು ಹೋಗಿ ಬಲಗಡೆ ಹೂಡುವ ಎತ್ತನ್ನು ಬಿಚ್ಚಿಕೊಂಡು ಬಂದರು. ಈಗ ಮನೆಯಲ್ಲಿ ಉಳಿದಿರುವುದು ಒಂದೇ ಜೋಡಿ. ಉಳುಮೆಗೆಲ್ಲ ಟ್ರ್ಯಾಕ್ಟರ್ ಬರುತ್ತದೆ. ಎತ್ತನ್ನು ಗೆರೆಯ ಕೆಳಗೆ ನಿಲ್ಲಿಸಿದರು. ಹಿಣಿಲಿನ, ಅಂದರೆ ಹೆಗಲ ಮೇಲಿನ ಡುಬ್ಬದ, ಹಿಂದೆ ಬೆನ್ನು ನಾಲ್ಕಡಿ ನಾಲ್ಕು ಇಂಚು. ಒಳ್ಳೆಯ ಎತ್ತರದ ಎತ್ತು ಅದು. ಗೋಡೆಯ ಕಾಟಿ ಅದರ ಮೇಲೆ ಇನ್ನೂ ಒಂದೂವರೆ ಅಡಿ ಹೋಗಿತ್ತು. ಅದಕ್ಕಿಂತ ಎದೆಯ ಆಳ ನೋಡಿ ನಾನು ದಂಗಾದೆ. ಎತ್ತಿನ ಹೊಟ್ಟೆಯ ಕೆಳಗೆ ಬೇಕಾದಷ್ಟು ಬೆಳಕು ಕಾಣುತ್ತದೆ. ಕಾಟಿಯ ಎದೆ ಕೆಳಗೆ ಇಳಿದು ಬಂದಿರುವುದರಿಂದ ಕಾಲು ಗಿಡ್ಡ ಅನಿಸುತ್ತದೆ. ಆ ಕಾಲಿಗೆ ಮಂಡಿಯ ಮೇಲಿನಿಂದ ಗೊರಸಿನವರೆಗೆ ಬಿಳಿ. ಕಾಲುಚೀಲ ಹಾಕಿದ ಹಾಗೆ. ಗೋಡೆಯ ಮೇಲೆ ಅದೊಂದನ್ನೇ ಸೀಮೆಸುಣ್ಣದಿಂದ ಪೂರ್ತಿ ತುಂಬಿದೆ.

ದೊಡ್ಡಪ್ಪ ಗೆರೆಯ ಏರಿನ ಮೇಲೆ ಬೆರಳಿಟ್ಟರು. "ಇದು ಹಿಣಿಲಾ?"

ಅಲ್ಲ ಅಂದೆ. ಅದನ್ನು ಅರ್ಥ ಮಾಡಿಸಲು ನನಗೆ ಕಷ್ಟವಾಗಲಿಲ್ಲ, ಎತ್ತು ಅಲ್ಲೇ ನಿಂತಿತ್ತು. ನಮ್ಮ ಎತ್ತಿನ ಹಿಣಿಲಿನಲ್ಲಿ ಮೂಳೆ ಇಲ್ಲ. ಮಾಂಸ ಮತ್ತು ಕೊಬ್ಬು. ಹಿಡಿದು ಅಲುಗಾಡಿಸಿದರೆ ಆಚೆ ಈಚೆ ವಾಲುತ್ತದೆ. ಕಾಟಿಯ ಏರಿನೊಳಗೆ ಮೂಳೆ ಇದೆ. ಬೆನ್ನುಮೂಳೆಯ ಒಂದೊಂದು ಮಣಿಯಿಂದಲೂ ಮೇಲಕ್ಕೆ ಉದ್ದ ಮುಳ್ಳಿನಂಥ ಮೂಳೆ ಎದ್ದಿರುತ್ತದೆ. ಅದರ ಎರಡು ಬದಿಗೂ ಸ್ನಾಯು ತುಂಬಿರುತ್ತದೆ. ಆ ಮುಳ್ಳುಗಳು ನಡುಬೆನ್ನಿನಲ್ಲಿ ಒಮ್ಮೆಲೇ ಗಿಡ್ಡವಾಗುತ್ತವೆ. ಮೆಟ್ಟಿಲು ಬರುವುದು ಅಲ್ಲಿ. ದೊಡ್ಡಪ್ಪ ಎತ್ತಿನ ಹಿಣಿಲು ಹಿಡಿದು ಒಮ್ಮೆ ಅಲ್ಲಾಡಿಸಿದರು. ಆಮೇಲೆ ಗೋಡೆ ನೋಡಿದರು. "ಇದಕ್ಕೆ ನೊಗ ಎಲ್ಲಿ ಇಡೋದು?" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಎತ್ತಿನ ಮೈಯಲ್ಲಿ ನೊಗಕ್ಕೆ ಒಂದು ಜಾಗ ಇದೆ, ಹಿಣಿಲಿನ ಮುಂದೆ. ಈ ಮೈಯಲ್ಲಿ ಅಂಥ ಜಾಗ ಅವರಿಗೆ ಕಾಣಲಿಲ್ಲ.

ನಮ್ಮ ದಾವಣಗೆರೆ, ಪಕ್ಕದ ಚಿತ್ರದುರ್ಗ, ಎರಡೂ ಜಿಲ್ಲೆಗಳಲ್ಲಿ ದನದ ಚೆಂದದ ಬಗ್ಗೆ ಮಾತು ಯಾವತ್ತೂ ಕಡಿಮೆ ಇಲ್ಲ. ಚಿತ್ರದುರ್ಗದ ಕಾವಲುಗಳಲ್ಲಿ ಮೇದ ಅಮೃತಮಹಲ್ ದನ ಹಿಂದೆ ಮೈಸೂರು ಸೈನ್ಯದ ಸಾಮಾನು ಎಳೆದದ್ದು. ಆ ತಳಿಯ ಹೋರಿ ಸುಮಾರು 500 ಕೆಜಿ ತೂಗುತ್ತದೆ. ಚಳ್ಳಕೆರೆ ಕಡೆ ಮ್ಯಾಸಬೇಡರ ದೇವರ ಎತ್ತುಗಳಿವೆ. ಅವಕ್ಕೆ ನೊಗ ತೋರಿಸುವುದೇ ಇಲ್ಲ. ಅವನ್ನು ಕಾಯುವ ಕಿಲಾರಿಗಳು ಅವುಗಳ ಹಿಂದೆಯೇ ಬದುಕು ಕಳೆಯುತ್ತಾರೆ. ಇಂಥ ದನ ನೋಡಿ ಬೆಳೆದ ಕಣ್ಣಿಗೆ ಚೆಂದ ಅಂದರೆ ಉದ್ದ ಕಾಲು, ಬಿಗಿ ಹೊಟ್ಟೆ, ಚುರುಕು ಕಿವಿ, ಚೂಪು ಕೊಂಬು. ಓಟದ ಚೆಂದ ಅದು. ಕಾಟಿಯ ಚೆಂದ ಬೇರೆ. ಅದು ನಿಂತರೆ ಚೆಂದ. ಎರಡು ಅಮೃತಮಹಲ್ ಹೋರಿಗಳ ತೂಕ ಒಂದೇ ಮೈಯಲ್ಲಿ ಸದ್ದಿಲ್ಲದೆ ನಿಂತಿರುತ್ತದೆ.

ಅಡ್ಡ ನಿಲ್ಲುವುದು

ಈಗ ಆ ಸಂಜೆಗೆ ವಾಪಸ್ ಬರುತ್ತೇನೆ. ಜೀಪು ತಿರುವು ದಾಟಿದಾಗ ಕಾಟಿ ಎದುರಿಗೇ ಇತ್ತು, ಮುಖ ನಮ್ಮ ಕಡೆ. ನಿಜ ಹೇಳಬೇಕೆಂದರೆ ಆ ಕ್ಷಣ ಅದು ಅಷ್ಟು ದೊಡ್ಡದು ಅನಿಸಲಿಲ್ಲ. ಬೂದು ಹಣೆ, ಎರಡು ಕೊಂಬು, ಕೆಳಗೆ ಬಿಳಿ ಕಾಲು, ಅಷ್ಟೇ. ಡ್ರೈವರ್ ಎಂಜಿನ್ ಆಫ್ ಮಾಡಿದರು. ಆಗ ಅದು ನಿಧಾನಕ್ಕೆ ತಿರುಗಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಪಕ್ಕದಲ್ಲಿದ್ದ ಹುತ್ತಕ್ಕೆ ಕುತ್ತಿಗೆ ತಿಕ್ಕಿತು. ಆಮೇಲೆ ಪೂರ್ತಿ ಅಡ್ಡ ನಿಂತಿತು. ಜೀಪಿನಲ್ಲಿದ್ದ ಆರು ಜನರ ಉಸಿರು ಒಟ್ಟಿಗೆ ನಿಂತಿದ್ದು ನನಗೆ ಕೇಳಿಸಿತು. ಒಂದು ಪ್ರಾಣಿ ಹೋಗಿ ಇನ್ನೊಂದು ಬಂದ ಹಾಗಿತ್ತು. ಹೆಗಲಿನ ಏರು, ಗದ್ದದ ಕೆಳಗಿನ ಒಂದು ಪುಟ್ಟ ಗಂಗೆದೊಗಲು, ಮುಂಗಾಲುಗಳ ನಡುವೆ ಜೋತುಬಿದ್ದ ಇನ್ನೊಂದು, ಎಲ್ಲ ಸೇರಿ ಕಪ್ಪು ಗೋಡೆ. ಸಂಜೆ ಬಿಸಿಲು ಅದರ ಪಕ್ಕೆಯ ಮೇಲೆ ಜಾರುತ್ತಿತ್ತು.

ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಕಾಟಿಗಳು ತಮ್ಮೊಳಗೆ ದೊಡ್ಡವರ್ಯಾರು ಅಂತ ತೀರ್ಮಾನ ಮಾಡುವುದು ಹೀಗೇ. ಎರಡು ಗಂಡು ಎದುರಾದರೆ ಕೂಡಲೇ ಕೊಂಬು ಹಾಯುವುದಿಲ್ಲ. ಇಬ್ಬರೂ ಅಡ್ಡ ನಿಲ್ಲುತ್ತಾರೆ. ಬೆನ್ನು ಕಮಾನು ಮಾಡಿ, ತಲೆ ತಗ್ಗಿಸಿ, ಬಿಗಿಯಾಗಿ ಹೆಜ್ಜೆ ಇಡುತ್ತಾ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಚಿಕ್ಕವನು ನೋಡಿ, ತನಗಾಗುವುದಿಲ್ಲ ಅಂತ ತಿಳಿದು ಸರಿದು ಹೋಗುತ್ತಾನೆ. ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಬೆನ್ನಿನ ಆ ಏರು ಪಕ್ಕದಿಂದ ನೋಡಿದಾಗ ಮಾತ್ರ ಪೂರ್ತಿ ಕಾಣುವಂಥದ್ದು. ಆ ಮೈ ಪಕ್ಕದಿಂದ ನೋಡಿಸಿಕೊಳ್ಳುವುದಕ್ಕೇ ಆದ ಹಾಗಿದೆ.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ತಲೆ ಆಡಿಸಿದರು. "ಸಂತೆಯಲ್ಲೂ ಅಷ್ಟೇ. ಮಾರೋನು ಎತ್ತನ್ನ ಅಡ್ಡ ನಿಲ್ಲಿಸ್ತಾನೆ. ಕೊಳ್ಳೋನು ಮುಂದಿನಿಂದ ನೋಡ್ತಾನೆ, ಹಿಂದಿನಿಂದ ನೋಡ್ತಾನೆ. ಅಡ್ಡ ನಿಂತದ್ದನ್ನ ಕಡೆಗೆ ನೋಡ್ಬೇಕು." ಮೂವತ್ತು ವರ್ಷದ ವ್ಯಾಪಾರ ಈ ಮಾತಿನಲ್ಲಿ ಇತ್ತು. ಕಾಟಿ ನಮಗೆ ಏನು ತೋರಿಸುತ್ತಿತ್ತೋ ಅದನ್ನು ನಾವು ಮೊದಲೇ ಪೂರ್ತಿ ನಂಬಿ ಕೂತಿದ್ದೆವು. ಅದಕ್ಕೇ ನನಗೆ ಎತ್ತರ ಹೇಳಲು ಆಗಲಿಲ್ಲವೇನೋ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಲೆನಾಡಿನ ತೋಟ, ರಸ್ತೆ ಬದಿಯಲ್ಲಿ ಕಾಟಿ ನಿಂತಿರುವ ವಿಡಿಯೊಗಳು ಈಗ ದಿನಾ ಮೊಬೈಲಿಗೆ ಬರುತ್ತವೆ. ಅದು ಅಡ್ಡ ನಿಂತರೆ ಪೋಸ್ ಕೊಡುತ್ತಿದೆ ಅಂತ ಜನ ಹತ್ತಿರ ಹೋಗುತ್ತಾರೆ. ಅದು ಪೋಸ್ ಅಲ್ಲ. ನಾನು ಇಷ್ಟಿದ್ದೇನೆ, ನೋಡಿಕೊ ಅಂತ ಹೇಳುವುದು. ಕಾಟಿಗೆ ಜನರನ್ನು ಕಂಡರೆ ಅಂಜಿಕೆಯೇ ಜಾಸ್ತಿ, ಹೆಚ್ಚಾಗಿ ಓಡಿ ಹೋಗುತ್ತದೆ. ಆದರೆ ಓಡಲು ದಾರಿ ಇಲ್ಲದಿದ್ದಾಗ ಅಷ್ಟು ತೂಕ ನಮ್ಮ ಕಡೆಗೇ ಬರುತ್ತದೆ. ದಯವಿಟ್ಟು ದೂರ ನಿಲ್ಲಿ.

ದೊಡ್ಡರೋಗ

ಇಷ್ಟು ದೊಡ್ಡ ಪ್ರಾಣಿಯನ್ನು ಬೀಳಿಸುವುದು ಯಾವುದು? ಹುಲಿ ಬೀಳಿಸುತ್ತದೆ, ಅದೂ ಹೆಚ್ಚಾಗಿ ಎಳೆಯವನ್ನು. ಆದರೆ ಭದ್ರಾ ಕಾಡಿನಲ್ಲಿ ಕಾಟಿಗಳನ್ನು ಹಿಂಡುಗಟ್ಟಲೆ ಬೀಳಿಸಿದ್ದು ಕಣ್ಣಿಗೆ ಕಾಣದ ಒಂದು ವೈರಸ್. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್, ನಮ್ಮವರು ಅದನ್ನು ದೊಡ್ಡರೋಗ ಅಂತಾರೆ. 1980ರ ದಶಕದ ಕೊನೆಯಲ್ಲಿ ಬಂದ ಆ ರೋಗದಿಂದ ಭದ್ರೆಯ ಕಾಟಿಗಳಲ್ಲಿ ಉಳಿದದ್ದು ತೀರಾ ಕಡಿಮೆ. 1968ರಲ್ಲಿ ಬಂಡೀಪುರದ ಕಡೆಯೂ ಹೀಗೇ ಆಗಿತ್ತು. ಊರ ದನ ಮತ್ತು ಕಾಡಿನ ಕಾಟಿ ಒಂದೇ ಹುಲ್ಲು ಮೇಯುತ್ತವೆ, ಒಂದೇ ಹೊಂಡದ ನೀರು ಕುಡಿಯುತ್ತವೆ. ಕುಲ ಹತ್ತಿರದ್ದು, ರೋಗವೂ ಹಂಚಿಹೋಗುತ್ತದೆ.

ದೊಡ್ಡಪ್ಪನಿಗೆ ದೊಡ್ಡರೋಗ ಅಂದ ಕೂಡಲೇ ಮುಖ ಬದಲಾಯಿತು. ಅವರು ಹುಡುಗರಾಗಿದ್ದಾಗ ಮನೆಯ ನಾಲ್ಕು ದನ ಒಂದೇ ವಾರದಲ್ಲಿ ಹೋದವಂತೆ. ಮೇವು ಬಿಟ್ಟವು, ಬಾಯಲ್ಲಿ ಹುಣ್ಣಾಯಿತು, ಭೇದಿ ಶುರುವಾಯಿತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಜ್ಜ ಆ ವರ್ಷ ಪಕ್ಕದ ಮನೆಯ ಎತ್ತು ಕೇಳಿ ಬಿತ್ತನೆ ಮಾಡಿದರಂತೆ. "ಕಾಡಿನ ದನಕ್ಕೂ ಬರ್ತದೆ ಅಂತ ಗೊತ್ತಿರಲಿಲ್ಲ" ಅಂದರು. ಲಸಿಕೆ ಹಾಕಿ ಹಾಕಿ ಆ ರೋಗವನ್ನು ಇಡೀ ಲೋಕದಿಂದ ತೊಲಗಿಸಿದರು. 2011ರಲ್ಲಿ ಅದು ಮುಗಿಯಿತು ಅಂತ ಘೋಷಣೆಯಾಯಿತು. ಸಿಡುಬಿನ ನಂತರ ಹಾಗೆ ತೊಲಗಿದ್ದು ಅದೊಂದೇ. 2002ರ ಹೊತ್ತಿಗೆ ಭದ್ರಾ ಕಾಡಿನೊಳಗಿದ್ದ ಹಳ್ಳಿಗಳೂ ಹೊರಗೆ ಬಂದವು. ಕಾಟಿ ಒಂಬತ್ತು ತಿಂಗಳು ಗಬ್ಬ ಹೊತ್ತು ಒಂದೇ ಕರು ಹಾಕುವ ಪ್ರಾಣಿ. ಆದರೂ ಹಿಂಡು ಮತ್ತೆ ಕಟ್ಟಿಕೊಂಡಿತು. ನಾನು ನೋಡಿದ ಆ ಕಪ್ಪು ಹೋರಿ ಹಾಗೆ ಉಳಿದ ಯಾವುದೋ ಹಸುವಿನ ಮೊಮ್ಮಗನೋ ಮರಿಮಗನೋ ಇರಬೇಕು. ಅದು ನೀರು ಕುಡಿಯುವ ಭದ್ರಾ ಹಿನ್ನೀರೇ ಚಾನಲ್‌ನಲ್ಲಿ ಹರಿದು ನಮ್ಮ ಗದ್ದೆಗೆ ಬರುತ್ತದೆ. ಇಷ್ಟು ವರ್ಷ ಆ ನೀರು ಉಂಡರೂ ಅದರ ಮೇಲ್ಗಡೆ ಯಾರಿದ್ದಾರೆ ಅಂತ ನಾನು ಯೋಚಿಸಿರಲಿಲ್ಲ.

ಕರುವಿನ ಬಗ್ಗೆಯೂ ದೊಡ್ಡಪ್ಪ ಕೇಳಿದರು. ಹುಟ್ಟಿದಾಗ ಬಂಗಾರದ ತಿಳಿ ಬಣ್ಣ, ಕಾಲಿಗೆ ಬಿಳಿ ಇರುವುದಿಲ್ಲ ಅಂದೆ. ಆಮೇಲೆ ಕಂದು. ಹೆಣ್ಣು ಕಂದಾಗಿಯೇ ಉಳಿಯುತ್ತದೆ. ಗಂಡು ವಯಸ್ಸಾಗುತ್ತಾ ಕಪ್ಪಾಗುತ್ತದೆ.

ಹುತ್ತ

ಈ ಬೇಸಿಗೆಯಲ್ಲಿ ಮತ್ತೆ ಲಕ್ಕವಳ್ಳಿಗೆ ಹೋದೆ. ಕಾಟಿ ನೋಡಲು ಅಲ್ಲ, ಹುತ್ತ ನೋಡಲು. ಡ್ರೈವರಿಗೆ ಹಳೇ ಫೋಟೊ ತೋರಿಸಿದೆ. ಅವರಿಗೆ ತಿರುವು ಗೊತ್ತಾಯಿತು. ಹುಲ್ಲು ಒಣಗಿ ಬಿದ್ದಿತ್ತು. ಹುತ್ತ ಹಾಗೇ ಇತ್ತು, ಒಂದು ಮಗ್ಗುಲು ತಿಕ್ಕಿ ತಿಕ್ಕಿ ನುಣುಪಾಗಿತ್ತು. ಸಫಾರಿಯಲ್ಲಿ ಜೀಪಿನಿಂದ ಇಳಿಯುವ ಹಾಗಿಲ್ಲ. ಸುಮ್ನೆ ಕೂತು ನೋಡಿದೆ. ಕಣ್ಣಂದಾಜು ಮತ್ತೆ ಕೈಕೊಟ್ಟಿತು. ನಾಲ್ಕಡಿಯೋ ಐದಡಿಯೋ?

ಅಷ್ಟರಲ್ಲಿ ಕಾಡ್ಗಿಚ್ಚು ಹರಡದ ಹಾಗೆ ಸವರಿದ ಬೆಂಕಿ ರೇಖೆ ನೋಡಿಕೊಂಡು ಅರಣ್ಯ ಇಲಾಖೆಯ ಇಬ್ಬರು ವಾಚರ್‌ಗಳು ನಡೆದು ಬಂದರು. ಡ್ರೈವರ್ ಅವರನ್ನು ಮಾತಾಡಿಸಿದರು. ಒಬ್ಬರು ಬರುತ್ತಾ ಹುತ್ತದ ಪಕ್ಕವೇ ದಾಟಿ, ಅಲ್ಲೇ ನಿಂತು ಉತ್ತರ ಕೊಟ್ಟರು. ಹುತ್ತದ ತುದಿ ಸರಿಯಾಗಿ ಅವರ ಹೆಗಲಿಗೆ ಬಂದಿತ್ತು. ಆಮೇಲೆ ಜೀಪಿನ ಹತ್ತಿರ ಬಂದು ನಿಂತಾಗ ನಿಮ್ಮ ಎತ್ತರ ಎಷ್ಟು ಅಂತ ಕೇಳಿದೆ. ಐದೂವರೆ ಅಡಿ ಅಂದರು. ಯಾಕೆ ಅಂತ ಕೇಳಿದರು, ಹೇಳಿದೆ. ಅವರು ಹಿಂದಿರುಗಿ ಹುತ್ತದ ಕಡೆ ಒಮ್ಮೆ ನೋಡಿದರು.

ಹೆಗಲು ಅಂದರೆ ನಾಲ್ಕೂವರೆ ಅಡಿ. ಫೋಟೊದಲ್ಲಿ ಕಾಟಿ ಹುತ್ತಕ್ಕೆ ಮೈ ತಾಗಿಸಿಯೇ ನಿಂತಿದೆ. ಹಾಗಾಗಿ ಹತ್ತಿರ ದೂರದ ಮೋಸ ಇಲ್ಲ. ಬೆನ್ನಿನ ಏರು ಹುತ್ತದ ತುದಿಗಿಂತ ಹುತ್ತದ ಕಾಲು ಭಾಗದಷ್ಟು ಮೇಲಿದೆ. ಲೆಕ್ಕ ಹಾಕಿದರೆ ಐದಡಿ ಏಳು ಇಂಚು, ಒಂದೆರಡು ಇಂಚು ಆಚೆ ಈಚೆ. ಅಂದರೆ ಆ ಹೋರಿಯ ಬೆನ್ನು ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ. ಅದರ ಆ ಕಡೆ ನಾನು ನಿಂತಿದ್ದರೆ ಈ ಕಡೆಯವರಿಗೆ ಕಾಣುತ್ತಲೇ ಇರಲಿಲ್ಲ.

ಲಕ್ಕವಳ್ಳಿಗೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಹುತ್ತ, ವಾಚರ್, ಹೆಗಲು, ಎಲ್ಲ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು.

"ಐದಡಿ ಏಳು ಇಂಚಾ?"

"ಹೂಂ ದೊಡ್ಡಪ್ಪ."

"ಗೋಡೆ ಮೇಲೆ ಬರೆದಿದ್ದಕ್ಕಿಂತ ಎರಡು ಇಂಚು ಕಡಿಮೆ."

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಇನ್ನೂ ಬೆಳೆಯೋದೈತೇನೋ. ಹಲ್ಲೆಲ್ಲ ಬಂದು ಬಾಯಿಗೂಡಿತ್ತಾ?"

ಹಲ್ಲು ನೋಡಲು ಆಗಲ್ಲ ದೊಡ್ಡಪ್ಪ ಅಂದೆ.

"ಹಲ್ಲು ಬೇಡ. ಕೊಂಬಿನ ಬುಡ ನೋಡು. ಸುಕ್ಕು ಐತಾ, ನುಣ್ಣಗೈತಾ?"

ಫೋನ್ ಕಟ್ ಮಾಡದೆಯೇ ಫೋಟೊ ತೆಗೆದು, ಎರಡು ಬೆರಳಿಟ್ಟು ಕೊಂಬಿನ ಬುಡವನ್ನು ಹಿಗ್ಗಿಸಿದೆ.